ಅಳತೆಯವಳ ಅಳತೆ

ಡಾಕ್ಟರ ಕ್ಲಿನಿಕ್ಕಿನಿಂದ ಕಾಗದ ಬಂದಿದೆ:
ಮನೆಯಲ್ಲೇ ಸೊಂಟ ಅಳೆದು ಬರೆದುಕೊಂಡು ಬನ್ನಿ, ಮಂಗಳವಾರ.
ಪಕ್ಕೆಲುಬು ಎಲ್ಲಿ ಮುಗಿಯುತ್ತದೆ, ಟೇಪು ಎಲ್ಲಿ ಕೂರಬೇಕು,
ಚಿತ್ರ ಬೇರೆ ಬರೆದಿದ್ದಾರೆ.
ಇಪ್ಪತ್ತಾರು ವರ್ಷ ಸ್ವಾನ್ಸಿಯ ಸೊಂಟಗಳನ್ನು
ಬಿಚ್ಚಿ ಹೊಲಿದವಳಿಗೆ!

ನನಗೆ ಗೊತ್ತಿಲ್ಲದ್ದೇ ಇದು?
ಟೇಪು ಹತ್ತಿರ ತಂದರೆ ಸಾಕು, ಯಾರೇ ಆಗಲಿ,
ಉಸಿರು ಒಳಗೆಳೆದು ಬೇರೊಬ್ಬರಾಗಿ ನಿಲ್ಲುತ್ತಾರೆ.
ನಾನು ಮಳೆಯ ಮಾತು ತೆಗೆಯುತ್ತೇನೆ.
ಈ ಊರಲ್ಲಿ ಮಳೆಯನ್ನು ಬೈಯುತ್ತ ಯಾರೂ
ಬಹಳ ಹೊತ್ತು ಹೊಟ್ಟೆ ಹಿಡಿದಿರಲಾರರು.
ಅವರು ಬಿಟ್ಟ ಕ್ಷಣ ನಾನು ಅಂಕಿ ಹಿಡಿಯುತ್ತೇನೆ,
ಚೀಟಿಯಲ್ಲಿ ಎರಡು ಬೆರಳು ಸಡಿಲ ಸೇರಿಸುತ್ತೇನೆ, ಕೇಳದೆ.
ಮದುವೆಯ ದಿನ ಊಟವನ್ನೂ ಮಾಡಬೇಕಲ್ಲ.

ಇವತ್ತು ಅಂಗಡಿ ಮುಚ್ಚಿ, ಪರದೆ ಎಳೆದು
ನನ್ನ ಟೇಪು ನನಗೇ ಸುತ್ತಿಕೊಂಡೆ.
ಮೂವತ್ತೆರಡು.
ಒಂಚೂರು ಮೇಲೆ ಸರಿಸಿದೆ, ಮೂವತ್ತೊಂದು.
ಲಂಗದ ಲಾಡಿ ಕೂತು ಕೂತು ಕಪ್ಪಾದ ಗೆರೆಯಲ್ಲಿ ಮೂವತ್ತನಾಲ್ಕು.
ಪಟ್ಟಿ ತಿರುಗಿಸಿದರೆ ಸೆಂಟಿಮೀಟರು, ಅದೇ ಸೊಂಟ ಎಂಬತ್ತರ ಮೇಲೆ.
ಕನ್ನಡಿಯಲ್ಲಿದ್ದವಳು ಇನ್ನೂ ಉಸಿರು ಬಿಟ್ಟಿರಲಿಲ್ಲ.
ಅವಳೆದುರು ಮಳೆಯ ಮಾತು ತೆಗೆಯಲು ಯಾರೂ ಇರಲಿಲ್ಲ.

ಗೆಥಿನ್‌ನನ್ನೇ ನೋಡಿ. ರಗ್ಬಿಯ ಮುಂದಿನ ಸಾಲಿನವನು,
ಕೋಟಿನ ಎದೆ ಐವತ್ತೆರಡು.
ತೂಕವನ್ನು ಎತ್ತರದಿಂದ ಭಾಗಿಸುವ ಲೆಕ್ಕ
ಅವನನ್ನು ಕೆಂಪು ಮನೆಯಲ್ಲಿ ಕೂರಿಸಿತಂತೆ.
ಅವನ ಬೆನ್ನಲ್ಲಿ ಗುಂಡುಪಿನ್ನು ಚುಚ್ಚುವಾಗ ನನಗೆ ಸಿಕ್ಕಿದ್ದು
ಬರೀ ಬಂಡೆ.
ಇತ್ತ ನಮ್ಮ ಪರಿಮಳಾ, ನುಗ್ಗೆಕಾಯಿಯಂಥವಳು,
ಪಟ್ಟಿಯಲ್ಲಿ ಸದಾ ಹಸಿರು.
ತೋಳು ಕಿರಿದು ಮಾಡು ಎಂದು ತಂದ ಕುಪ್ಪಸಗಳಲ್ಲಿ
ವರ್ಷ ವರ್ಷ ಮುಂದಿನ ಟಕ್ಕು ಬಿಚ್ಚಿದವಳು ನಾನು.
ಸಕ್ಕರೆ ಕಾಯಿಲೆ ಎಂದಾಗ ಎಲ್ಲರೂ ಬೆರಗಾದರು.
ನನ್ನ ಕೈ ಮಾತ್ರ ಸುಮ್ಮನಿತ್ತು,
ಹೇಳಬೇಕಿತ್ತೇನೋ. ಹೇಗೆ ಹೇಳುವುದು?

ಅನುಮಾನ ಬಂದು ಟೇಪನ್ನು
ಕತ್ತರಿಸುವ ಮೇಜಿನ ಹಿತ್ತಾಳೆ ಗಜಕೋಲಿನ ಮೇಲೆ ಮಲಗಿಸಿದೆ.
ಗಜಕ್ಕೆ ಮುಕ್ಕಾಲು ಅಂಗುಲ ಹೆಚ್ಚು!
ಎಳೆದು ಎಳೆದು ಟೇಪೇ ಜಗ್ಗಿದೆ.
ಎಷ್ಟು ವರ್ಷದಿಂದಲೋ
ಊರನ್ನೆಲ್ಲ ತೆಳ್ಳಗೆ ಬರೆದಿಟ್ಟಿದ್ದೇನೆ, ನನ್ನನ್ನೂ.
ಒಬ್ಬರೂ ದೂರಿಲ್ಲ.
ಆ ಎರಡು ಬೆರಳ ಸಡಿಲ ನನ್ನ ಮಾನ ಕಾದಿತ್ತು.

ಹುಬ್ಬಳ್ಳಿಯಲ್ಲಿ ಹೊಲಿಗೆ ಕಲಿಸಿದ ಸೋದರತ್ತೆ
ಟೇಪು ಮುಟ್ಟುತ್ತಿರಲಿಲ್ಲ.
ಯಾರೇ ಇರಲಿ, ಅವರವರ ಗೇಣಿಗೆ ಎಂಟು ಗೇಣು ಮೈ,
ನಾಲ್ಕರ ಒಳಗಿರಲಿ ನಡು, ಅನ್ನುತ್ತಿದ್ದಳು,
ತಾನು ಐದು ಗೇಣಿದ್ದುಕೊಂಡೇ.

ಉಂಡೆಯಿಂದ ಕಪ್ಪು ದಾರ ಎಳೆದೆ.
ಹಿಮ್ಮಡಿಯಡಿ ಒಂದು ತುದಿ, ನೆತ್ತಿಗೆ ಇನ್ನೊಂದು, ಕತ್ತರಿಸಿದೆ.
ಎರಡಾಗಿ ಮಡಚಿ ನಡುವಿಗೆ ಸುತ್ತಿದೆ.
ಕೂಡಲಿಲ್ಲ.
ತುದಿಗಳ ನಡುವೆ ಮೂರು ಬೆರಳು ಬಯಲು.
ಉಸಿರು ಹಿಡಿದರೂ ಎರಡು.
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ,
ನನಗೆ ಕನ್ನಡಿ, ಟೇಪು, ಗಜಕೋಲು, ಕೊನೆಗೆ ದಾರವೂ ಬೇಕಾಯಿತು.
ದಾರಕ್ಕೆ ಅಂಕಿ ಬಾರದು,
ರಕ್ತದೊಳಗೆ ಏನಿದೆ ಎಂದೂ ಗೊತ್ತಿಲ್ಲ ಪಾಪ.
ಸಾಲದು ಎಂದಷ್ಟೇ ಹೇಳಿತು.
ಅದನ್ನೇ ಕಾಗದಕ್ಕೆ ಗುಂಡುಪಿನ್ನಿನಿಂದ ಚುಚ್ಚಿಟ್ಟೆ.

ಮಂಗಳವಾರ ನರ್ಸ್ ಬೆಥನ್
ದಾರವನ್ನು ಬೆರಳಿಗೆ ಸುತ್ತಿ ನೋಡಿ, ಏನೂ ಅನ್ನದೆ,
ಹೊಸ ಟೇಪು ಬಿಚ್ಚಿ ಹತ್ತಿರ ಬಂದಳು.
ನಾನು ನೆಟ್ಟಗೆ ನಿಂತೆ, ಎಲ್ಲರಂತೆ.
‘ಬೆಳಗಿನಿಂದ ಎಂಥ ಮಳೆ, ನೋಡಿದಿರಾ?’ ಅಂದಳು.
ನಗು ಬಂತು. ಉಸಿರು ಹೋಯಿತು.
ಅವಳು ಬರೆದುಕೊಂಡಳು.
ಸಡಿಲ ಸೇರಿಸುವ ಪದ್ಧತಿ ಅವರಲ್ಲಿಲ್ಲ.